ಬಿಸಿನೀರಿನ ಅಂಕೆ

ಮಲಪ್ರಭೆಯ ದಂಡೆಯ ಹೊಳೆಮಣ್ಣೂರಿನಲ್ಲಿ ನಮ್ಮ ಹಿರಿಯರು ಹಂಡೆಯ ನೀರಿಗೆ ತಣ್ಣೀರು ಬೆರೆಸಿ, ಕೈಯಿಟ್ಟು ನೋಡಿಯೇ ಮಕ್ಕಳಿಗೆ ಎರೆಯುತ್ತಿದ್ದರು. ಈಗ ಮಾಳಿಗೆಯ ಸೌರಪಾತ್ರೆಯಿಂದ ಎರಡು ಬಚ್ಚಲುಗಳಿಗೂ ಅಡಿಗೆಮನೆಗೂ ಕೊಳವೆಗಳು ಹರಿದಿವೆ. ಕಳೆದ ಬೇಸಗೆಯಲ್ಲಿ ಮೊಮ್ಮಗನ ಅಂಗೈ ಸುಟ್ಟಾಗಲೇ ನಮ್ಮ ಕಣ್ಣು ತೆರೆಯಿತು: ಪಾತ್ರೆಯ ಥರ್ಮೋಸ್ಟಾಟು ವಿದ್ಯುತ್ತನ್ನು ತಡೆಯಬಲ್ಲುದಲ್ಲದೆ ಬಿಸಿಲನ್ನು ತಡೆಯಲಾರದು. 60 ಡಿಗ್ರಿ ಸೆಲ್ಸಿಯಸ್ಸಿನ ನೀರು ಐದಾರು ಸೆಕೆಂಡುಗಳಲ್ಲಿ ಚರ್ಮವನ್ನು ಸುಡುವುದು. ಹಾಗೆಂದು ಪಾತ್ರೆಯ ನೀರನ್ನೇ ಉಗುರುಬೆಚ್ಚಗೆ ಇಟ್ಟರೆ ಅದರಲ್ಲಿ ರೋಗಾಣುಗಳು ಬೆಳೆದಾವು. ಆದುದರಿಂದ ಶಾಖವನ್ನು ಪಾತ್ರೆಯಲ್ಲಿಯೇ ಇರಗೊಟ್ಟು, ಪ್ರತಿ ಬಚ್ಚಲಿಗೂ ತಣ್ಣೀರನ್ನು ತಾನೇ ಬೆರೆಸುವ ಕವಾಟವನ್ನು ಕೂಡಿಸಿ 40 ಡಿಗ್ರಿಗೆ ನಿಲ್ಲಿಸತಕ್ಕದ್ದು. ದುರಸ್ತಿಯ ಅನುಕೂಲಕ್ಕಾಗಿ ಒಂದೊಂದು ಕವಲಿಗೂ ಬೇರೆ ಬೇರೆ ವಾಲ್ವು ಇರಲಿ. ಇಷ್ಟಾದರೂ ಮಗುವಿಗೆ ಎರೆಯುವ ಮುನ್ನ ಕೈಯಿಟ್ಟು ನೋಡುವ ವಾಡಿಕೆಯನ್ನು ಮನೆಯವರು ಬಿಡದಿರಲಿ.