ಓದುವ ಪಾಠ ಬೇರೆ, ಕೇಳುವ ಪಾಠ ಬೇರೆ

‘ಪ್ರಸ್ತುತ ಘಟಕದ ಅಂತ್ಯದಲ್ಲಿ ಕಲಿಕಾರ್ಥಿಗಳು ನೆಲಗಡಲೆ ಬೆಳೆಯಲ್ಲಿನ ಪೋಷಕಾಂಶ ನಿರ್ವಹಣೆಯ ಮಹತ್ವವನ್ನು ಅರ್ಥೈಸಿಕೊಳ್ಳುವ ಸಾಮರ್ಥ್ಯವನ್ನು ಹೊಂದುತ್ತಾರೆ.’ ಆನ್‌ಲೈನ್ ತರಬೇತಿಯ ಎಷ್ಟೋ ವಿಡಿಯೊಗಳು ಶುರುವಾಗುವುದು ಇಂಥ ಸಾಲಿನಿಂದ. ವ್ಯಾಕರಣದಲ್ಲಿ ತಪ್ಪಿಲ್ಲ, ವಿಷಯದಲ್ಲೂ ತಪ್ಪಿಲ್ಲ. ಆದರೆ ಚಳ್ಳಕೆರೆ ಸೀಮೆಯಲ್ಲಿ ಶೇಂಗಾ ಬಿತ್ತುವ ರೈತರಾಗಲಿ, ಅವರಿಗೆ ಹೊಲದಲ್ಲಿ ನಿಂತು ಸಲಹೆ ಕೊಡುವವರಾಗಲಿ ಬಾಯಿಬಿಟ್ಟು ಹೀಗೆ ಮಾತಾಡುವುದಿಲ್ಲ. ಎರಡನೇ ವಾಕ್ಯ ಬರುವಷ್ಟರಲ್ಲಿ ವಿಡಿಯೊ ತಾನೇ ಓಡುತ್ತಿರುತ್ತದೆ, ಕೇಳುವವರ ಗಮನ ಎಲ್ಲೋ ಹೋಗಿರುತ್ತದೆ.

ಶಾಲಾ ಶಿಕ್ಷಕರಿಗೆ ಆನ್‌ಲೈನ್ ತರಬೇತಿ ಹೊಸದೇನಲ್ಲ. 2017ರಲ್ಲಿ ಶುರುವಾದ ದೀಕ್ಷಾ ಎಂಬ ಸರ್ಕಾರಿ ಕಲಿಕಾ ವೇದಿಕೆಯಲ್ಲಿ 2020ರಿಂದ ಶಿಕ್ಷಕರ ನಿಷ್ಠಾ ತರಬೇತಿಯೂ ಆನ್‌ಲೈನ್ ಆಯಿತು. ಈಗ ಕೃಷಿ, ಕೈಮಗ್ಗ, ಆರೋಗ್ಯ, ಸ್ವಸಹಾಯ ಸಂಘ, ಎಲ್ಲ ಕಡೆಯೂ ಮೊಬೈಲಿನಲ್ಲೇ ಪಾಠ. ಅದನ್ನು ಬರೆಯಬೇಕಾದವರು ಹೆಚ್ಚಾಗಿ ವಿಷಯ ಚೆನ್ನಾಗಿ ಬಲ್ಲ, ಆದರೆ ಕಿವಿಗಾಗಿ ಬರೆದು ಅಭ್ಯಾಸವಿಲ್ಲದ ಶಿಕ್ಷಕರು, ಅಧಿಕಾರಿಗಳು. ಈ ಲೇಖನ ಅವರಿಗಾಗಿ.

ಮೊದಲು ಕಿವಿ ಹೇಗೆ ಕೆಲಸ ಮಾಡುತ್ತದೆ ಎಂದು ನೋಡೋಣ. ಓದುವವರಿಗೆ ಅರ್ಥವಾಗದಿದ್ದರೆ ಕಣ್ಣು ಹಿಂದಿನ ಸಾಲಿಗೆ ಹೋಗುತ್ತದೆ. ಕೇಳುವವರಿಗೆ ಆ ಸೌಲಭ್ಯವಿಲ್ಲ. ಜೊತೆಗೆ, ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ. ಇಪ್ಪತ್ತೈದು ಪದದ ವಾಕ್ಯ ಬರೆದರೆ, ‘ಮಾಡಬೇಕು’ ಎನ್ನುತ್ತೀರೋ ‘ಮಾಡಬಾರದು’ ಎನ್ನುತ್ತೀರೋ ಎಂದು ತಿಳಿಯಲು ಕೇಳುವವರು ಇಪ್ಪತ್ತನಾಲ್ಕು ಪದಗಳನ್ನು ತಲೆಯಲ್ಲಿ ಹೊತ್ತು ಕೂರಬೇಕು. ಆದ್ದರಿಂದ ಒಂದು ಉಸಿರಿಗೆ ಒಂದು ವಾಕ್ಯ, ಒಂದು ವಾಕ್ಯಕ್ಕೆ ಒಂದು ವಿಷಯ. ಆಂಧ್ರದ ಗಡಿಯಲ್ಲಿರುವ ಮೊಳಕಾಲ್ಮುರಿನಲ್ಲಿ ಮನೆಯೊಳಗೆ ತೆಲುಗು ಆಡುವವರು ಬಹಳ. ಅಂಥ ಕಡೆ ಈ ನಿಯಮದ ಬೆಲೆ ಇನ್ನೂ ಹೆಚ್ಚು.

ಕೇಳುವವರನ್ನು ಎದುರಿಗಿಟ್ಟುಕೊಂಡು ಬರೆಯುವ ಪದ್ಧತಿಗೆ ಮೊಳಕಾಲ್ಮುರು ತಾಲ್ಲೂಕಿನಲ್ಲೇ ಬಹಳ ಹಳೆಯ ಸಾಕ್ಷಿಯಿದೆ. 1892ರಲ್ಲಿ ಬಿ. ಎಲ್. ರೈಸ್ ಪತ್ತೆಹಚ್ಚಿದ ಬ್ರಹ್ಮಗಿರಿಯ ಅಶೋಕ ಶಾಸನ ನೇರವಾಗಿ ಆಜ್ಞೆಗೆ ಇಳಿಯುವುದಿಲ್ಲ. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ, ಅಂದರೆ ಅಧಿಕಾರಿಗಳಿಗೆ, ಮೊದಲು ಆರೋಗ್ಯ ಕೋರಬೇಕು, ಆಮೇಲೆ ಹೀಗೆ ಹೇಳಬೇಕು ಎಂದು ಅದು ತೊಡಗುತ್ತದೆ. ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬುದು ಮೊದಲ ಸಾಲಿನಲ್ಲೇ ಸ್ಪಷ್ಟ. ಕೊನೆಗೆ ಬರೆದವನ ಹೆಸರೂ ಇದೆ: ಲಿಪಿಕಾರ ಚಪಡ. ನಮ್ಮ ಸ್ಕ್ರಿಪ್ಟ್‌ಗಳಲ್ಲಿ ಹಲವು ಸಲ ಕಾಣೆಯಾಗಿರುವುದು ಇದೇ, ಹೇಳುವವರು ಮತ್ತು ಕೇಳುವವರು.

ಈಗ ಕೆಲಸಕ್ಕೆ ಬರೋಣ. ಶೇಂಗಾಕ್ಕೆ ಜಿಪ್ಸಂ ಏಕೆ ಹಾಕಬೇಕು ಎಂಬ ಪಾಠವನ್ನೇ ತೆಗೆದುಕೊಳ್ಳಿ. ಕೈಪಿಡಿಯ ಭಾಷೆಯಲ್ಲಿ ಅದು ಹೀಗಿರುತ್ತದೆ: ‘ನೆಲಗಡಲೆಯ ಕಾಯಿಗಳು ತಮ್ಮ ಬೆಳವಣಿಗೆಗೆ ಅಗತ್ಯವಾದ ಸುಣ್ಣದಂಶವನ್ನು ಬೇರಿನ ಮೂಲಕವಲ್ಲದೆ ನೇರವಾಗಿ ಮಣ್ಣಿನಿಂದಲೇ ಹೀರಿಕೊಳ್ಳುವುದರಿಂದ, ಹೂ ಬಿಡುವ ಹಂತದಲ್ಲಿ ಕಾಯಿ ಕಟ್ಟುವ ವಲಯಕ್ಕೆ ಜಿಪ್ಸಂ ಪೂರೈಸುವುದು ಅತ್ಯವಶ್ಯಕವಾಗಿರುತ್ತದೆ.’

ಅದನ್ನೇ ಮಾತಿಗೆ ತಂದರೆ:

‘ಗಿಡ ಸೊಂಪಾಗಿ ಬೆಳೆದಿರುತ್ತೆ. ಕಿತ್ತು ನೋಡಿದ್ರೆ ಕಾಯಿ ಜೊಳ್ಳು. ನಿಮ್ಮ ಹೊಲದಲ್ಲೂ ಹೀಗಾಗಿದೆಯಾ? ಕಾಯಿ ತುಂಬೋಕೆ ಸುಣ್ಣದಂಶ ಬೇಕು. ಬೇರು ಕೊಡುತ್ತಲ್ಲ ಅಂತೀರಿ. ಬೇರು ಹೀರಿದ ಸುಣ್ಣ ಮೇಲೆ ಎಲೆಗೆ ಹೋಗುತ್ತೆ, ತಿರುಗಿ ಕೆಳಗೆ ಕಾಯಿಗೆ ಇಳಿಯೋದು ತೀರಾ ಕಮ್ಮಿ. ಮಣ್ಣೊಳಗಿರೋ ಕಾಯಿ ತನ್ನ ಸಿಪ್ಪೆಯಿಂದಾನೇ ಸುತ್ತಲಿನ ಸುಣ್ಣ ಹೀರಬೇಕು. ಅದಕ್ಕೇ ಜಿಪ್ಸಂನ ಹೂ ಬಿಡೋ ಹೊತ್ತಿಗೆ, ಗಿಡದ ಬುಡದ ಹತ್ತಿರ ಹಾಕೋದು.’

ಇಲ್ಲಿ ಪದಗಳಿಗಿಂತ ಹೆಚ್ಚಾಗಿ ಬದಲಾದದ್ದು ಹೇಳುವ ಕ್ರಮ. ಕೈಪಿಡಿ ಕಾರಣದಿಂದ ಹೊರಟಿತು. ಮಾತು ರೈತರು ಕೈಯಲ್ಲಿ ಹಿಡಿದು ನೋಡಿದ ಜೊಳ್ಳು ಕಾಯಿಯಿಂದ ಹೊರಟಿತು. ಪ್ರಶ್ನೆ ಕೇಳಿದ ಮೇಲೆ ಎರಡು ಸೆಕೆಂಡ್ ಸುಮ್ಮನಿರಬೇಕು, ಸ್ಕ್ರಿಪ್ಟಿನಲ್ಲೇ ‘ಇಲ್ಲಿ ನಿಲ್ಲಿಸಿ’ ಎಂದು ಬರೆದಿಡಬೇಕು. ಇನ್ನು, ‘ಬೇರು ಕೊಡುತ್ತಲ್ಲ ಅಂತೀರಿ’ ಎಂಬ ಸಾಲು. ನನ್ನ ಪ್ರಕಾರ ಇಡೀ ಸ್ಕ್ರಿಪ್ಟಿನ ಜೀವ ಅಲ್ಲಿದೆ. ‘ನಮಸ್ಕಾರ ಸ್ನೇಹಿತರೇ’ ಎಂದೊಡನೆ ಸಂಭಾಷಣೆ ಆಗಿಬಿಡುವುದಿಲ್ಲ. ಎದುರಿನವರ ಮನಸ್ಸಿನಲ್ಲಿ ಏಳುವ ಆಕ್ಷೇಪವನ್ನು ಅವರ ಪರವಾಗಿ ನಾವೇ ಎತ್ತಿ ಉತ್ತರಿಸಿದಾಗ ಆಗುತ್ತದೆ.

ಚಳ್ಳಕೆರೆಯಲ್ಲಿ ಇಂಥ ಆಕ್ಷೇಪ ಅಷ್ಟಕ್ಕೇ ನಿಲ್ಲದು. ‘ಮಳೆ ಕೈಕೊಟ್ಟರೂ ಕಾಯಿ ಜೊಳ್ಳಾಗುತ್ತಲ್ಲ?’ ಎಂಬುದು ಮುಂದಿನ ಮಾತು. ನಿಜವೇ. ಮಣ್ಣಲ್ಲಿ ತೇವ ಇಲ್ಲದಿದ್ದರೆ ಜಿಪ್ಸಂ ಹಾಕಿದ್ದರೂ ಸುಣ್ಣ ಕರಗಿ ಕಾಯಿಗೆ ಸಿಗುವುದಿಲ್ಲ. ಅದನ್ನು ಹೇಳದೆ ಮುಂದೆ ಹೋದ ಪಾಠವನ್ನು ಮಳೆ ನಂಬಿ ಬದುಕುವ ರೈತರು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ.

ಮಾತಿನ ಧಾಟಿ ಕಲಿಕೆಗೆ ನಿಜಕ್ಕೂ ನೆರವಾಗುತ್ತದೆಯೇ? ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಉಸಿರಾಟದ ಬಗ್ಗೆ ಒಂದೇ ಪಾಠವನ್ನು ಎರಡು ಗುಂಪುಗಳಿಗೆ ಕೇಳಿಸಿದರು. ಒಂದರಲ್ಲಿ ‘ಶ್ವಾಸಕೋಶ’ ಎಂದಿದ್ದಲ್ಲೆಲ್ಲ ಇನ್ನೊಂದರಲ್ಲಿ ‘ನಿಮ್ಮ ಶ್ವಾಸಕೋಶ’ ಎಂಬಂತೆ ಬದಲಿಸಿದ್ದರು, ಅಷ್ಟೇ. ಕಲಿತದ್ದನ್ನು ಹೊಸ ಸಮಸ್ಯೆಗೆ ಅನ್ವಯಿಸುವುದರಲ್ಲಿ ಎರಡನೆಯ ಗುಂಪು ಮುಂದಿತ್ತು. ಉದ್ದದ ಬಗ್ಗೆಯೂ ಒಂದು ಆಧಾರವಿದೆ. ಫಿಲಿಪ್ ಗುವೊ ತಂಡ 2014ರಲ್ಲಿ ಎಡ್‌ಎಕ್ಸ್ ವೇದಿಕೆಯ 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿತು. ಆರು ನಿಮಿಷ ಮೀರಿದ ವಿಡಿಯೊಗಳಲ್ಲಿ ನೋಡುಗರ ಗಮನ ಉಳಿಯುವುದು ಕಷ್ಟವೆಂದು ಕಂಡುಬಂತು. ಕನ್ನಡ ಪದಗಳು ಉದ್ದ. ನಿಧಾನವಾಗಿ ಹೇಳಿದರೆ ನಿಮಿಷಕ್ಕೆ ನೂರರ ಆಸುಪಾಸು ಬರುತ್ತವೆ. ಐದು ನಿಮಿಷದ ಪಾಠಕ್ಕೆ ಐನೂರು ಪದ ದಾಟಬೇಡಿ.

ಆಡುಮಾತು ಎಂದರೆ ಯಾವ ಆಡುಮಾತು ಎಂಬ ಪ್ರಶ್ನೆ ಬಂದೇ ಬರುತ್ತದೆ. ಚಳ್ಳಕೆರೆ ತಾಲ್ಲೂಕಿನ ಬೆಳಗೆರೆಯವರಾದ ಕೃಷ್ಣಶಾಸ್ತ್ರಿಗಳು ಮುಕುಂದೂರು ಸ್ವಾಮಿಗಳ ಬಗ್ಗೆ ಬರೆದ ‘ಯೇಗ್ದಾಗೆಲ್ಲಾ ಐತೆ’ ಪುಸ್ತಕಕ್ಕೆ ಹೆಸರಿನಲ್ಲೇ ಹಳ್ಳಿಯ ಮಾತಿದೆ. ಅವರು ಮೇಷ್ಟರು, ಆ ಮಾತಿನ ನಡುವೆಯೇ ಬದುಕಿದವರು, ಅದಕ್ಕೇ ಅದು ಅವರಿಗೆ ಸಹಜವಾಗಿ ಒಲಿಯಿತು. ಬೇರೆ ಊರಿನಿಂದ ಬಂದವರು ವಿಡಿಯೊದಲ್ಲಿ ‘ಐತೆ, ಬರ್ರಪ್ಪ’ ಎಂದು ಅನುಕರಿಸಿದರೆ ಕೇಳುವವರಿಗೆ ಅಣಕಿಸಿದಂತೆ ಅನಿಸುತ್ತದೆ. ವಾಕ್ಯದ ನಡಿಗೆ ನಿಮ್ಮ ಸ್ವಂತ ಮಾತಿನದ್ದೇ ಇರಲಿ. ವಸ್ತುವಿನ ಹೆಸರುಗಳು ಮಾತ್ರ ಆ ಸೀಮೆಯವಾಗಿರಲಿ: ನೆಲಗಡಲೆ ಬೇಡ, ಶೇಂಗಾ ಸಾಕು.

ಕಣ್ಣಿಗೆ ಕಾಣುವುದನ್ನು ಬಾಯಿ ಮತ್ತೆ ಹೇಳಬಾರದು. ಮೊಳಕಾಲ್ಮುರಿನ ರೇಷ್ಮೆ ಸೀರೆ ನೇಯುವುದನ್ನು ಕಲಿಸುತ್ತೀರಿ ಎನ್ನಿ. ಒಡಲಿಗೊಂದು ಬಣ್ಣ, ಎರಡೂ ಅಂಚಿಗೆ ಬೇರೊಂದು ಬಣ್ಣದ ಹೊಕ್ಕು ಬರಬೇಕಾದರೆ ಮೂರು ಲಾಳಿ ಬೇಕು. ಹಾಳೆಯನ್ನು ಎರಡು ಭಾಗ ಮಾಡಿ: ಎಡಕ್ಕೆ ಕಾಣುವುದು, ಬಲಕ್ಕೆ ಕೇಳುವುದು. ಎಡಭಾಗದಲ್ಲಿ ‘ಕೈ, ಮೂರು ಲಾಳಿ, ಹತ್ತಿರದಿಂದ’ ಎಂದಿದ್ದರೆ ಬಲಕ್ಕೆ ‘ಅಂಚು ಒಡಲಿಗೆ ಸೇರೋ ಜಾಗ ನೋಡಿ, ಎರಡು ನೂಲೂ ಒಂದಕ್ಕೊಂದು ಸಿಕ್ಕಿಕೊಳ್ಳಬೇಕು’ ಎಂಬಷ್ಟೇ ಸಾಕು. ಆಮೇಲೆ ಮಗ್ಗದ ಸದ್ದು ಕೇಳಲಿ. ತೆರೆಯ ಮೇಲಿನ ಬರಹವನ್ನೇ ಓದಿ ಹೇಳುವ ಚಾಳಿ ಬಿಡಿ. ಎಕರೆಗೆ ಎಷ್ಟು ಕೆಜಿ ಎಂಬಂಥ ಅಂಕಿಗಳು ಮಾತ್ರ ತೆರೆಯ ಮೇಲೂ ಇರಲಿ, ಏಕೆಂದರೆ ಕಿವಿಗೆ ಅಂಕಿ ನಿಲ್ಲುವುದಿಲ್ಲ.

ಪಾಠದ ಕೊನೆಗೆ ಬರುವ ಪ್ರಶ್ನೋತ್ತರವೂ ಸ್ಕ್ರಿಪ್ಟಿನ ಭಾಗವೇ. ‘ಜಿಪ್ಸಂ ಎಂದರೇನು?’ ಎಂದು ಕೇಳಬೇಡಿ. ‘ಗಿಡ ಹಸಿರಾಗಿದೆ, ಕಾಯಿ ಜೊಳ್ಳು. ಮೊದಲು ಏನನ್ನು ಪರೀಕ್ಷಿಸುತ್ತೀರಿ?’ ಎಂದು ಕೇಳಿ.

ಬರೆಯಲು ಕುಳಿತಾಗ ಪೆನ್ನಿಗಿಂತ ಮೊದಲು ಮೊಬೈಲ್ ತೆಗೆದುಕೊಳ್ಳಿ. ಆ ಕೆಲಸ ಗೊತ್ತಿಲ್ಲದ ಒಬ್ಬರನ್ನು ಎದುರು ಕೂರಿಸಿ ಪಾಠ ಹೇಳಿ, ರೆಕಾರ್ಡ್ ಮಾಡಿ, ಹೇಳಿದ್ದನ್ನು ಹಾಗೇ ಬರೆದುಕೊಳ್ಳಿ. ಅವರು ಮಧ್ಯೆ ಕೇಳಿದ ಪ್ರಶ್ನೆಗಳನ್ನು ಅಳಿಸಬೇಡಿ, ಅವೇ ನಿಮ್ಮ ಬಂಡವಾಳ. ಪುನರುಕ್ತಿ ತೆಗೆದು, ಕ್ರಮ ಸರಿಪಡಿಸಿ, ಮತ್ತೆ ಗಟ್ಟಿಯಾಗಿ ಓದಿ. ನಾಲಿಗೆ ತೊಡರಿದಲ್ಲೆಲ್ಲ ವಾಕ್ಯ ಒಡೆಯಿರಿ. ಸ್ಟುಡಿಯೊಗೆ ಹೋಗುವ ಮುನ್ನ ಒಬ್ಬ ರೈತರಿಗೋ ನೇಕಾರರಿಗೋ ಓದಿ ಹೇಳಿ, ಅವರ ಬಾಯಿಂದಲೇ ಪಾಠವನ್ನು ವಾಪಸ್ ಹೇಳಿಸಿ. ಅವರು ಬಿಟ್ಟ ಭಾಗವನ್ನು ಮತ್ತೆ ಬರೆಯಿರಿ.