ಬೋರ್ ಎಣಿಸಿದರೆ ಸಾಲದು, ನೀರು ಅಳೆಯಬೇಕು

ಮುಧೋಳ ತಾಲ್ಲೂಕಿನ ಲೋಕಾಪುರಕ್ಕೆ ಭೂವಿಜ್ಞಾನದ ಪುಸ್ತಕಗಳಲ್ಲೂ ಒಂದು ಸ್ಥಾನವಿದೆ. ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಸೀಮೆಯನ್ನು ಸುತ್ತಿ 1876ರಲ್ಲಿ ವರದಿ ಪ್ರಕಟಿಸಿದಾಗ ಇಲ್ಲಿನ ಶಿಲೆಗಳನ್ನು ಕಲಾದಗಿಯ ಹೆಸರಿನಿಂದ ಕರೆದರು. ಮುಂದೆ ಬಂದ ಸಂಶೋಧಕರು ಆ ಕಲಾದಗಿ ಶಿಲಾಸಮೂಹದ ಕೆಳಗಿನ ಭಾಗಕ್ಕೆ ಲೋಕಾಪುರದ ಹೆಸರಿಟ್ಟರು. ನೂರು ಕೋಟಿ ವರ್ಷಗಳಿಗಿಂತಲೂ ಹಿಂದೆ ಇಲ್ಲಿದ್ದ ಆಳವಿಲ್ಲದ ಸಮುದ್ರದ ತಳದಲ್ಲಿ ಮರಳು, ಕೆಸರು, ಸುಣ್ಣ ಪದರಪದರವಾಗಿ ಕೂತು ಇಂದಿನ ಬೆಣಚುಶಿಲೆ, ಜೇಡಿಶಿಲೆ, ಸುಣ್ಣಕಲ್ಲು, ಡಾಲೊಮೈಟ್ ಆಗಿವೆ. ಈ ಭಾಗದ ಸಿಮೆಂಟ್ ಕಾರ್ಖಾನೆಗಳು ನಿಂತಿರುವುದು ಆ ಸುಣ್ಣಕಲ್ಲಿನ ಮೇಲೆ. ಬೋರ್‌ಗಳಿಗೆ ನೀರು ಬರುವುದೂ ಇದೇ ಶಿಲೆಗಳಿಂದ.

ಕಲ್ಲಿನೊಳಗೆ ನೀರು ಎಲ್ಲಿರುತ್ತದೆ? ನೆಲದಡಿ ಹೊಳೆ ಹರಿಯುತ್ತಿದೆ ಎಂದು ಹಲವರು ನಂಬುತ್ತಾರೆ. ನಿಜದಲ್ಲಿ ಗಟ್ಟಿ ಶಿಲೆಯ ಬಿರುಕು, ಸಂದು, ಪದರಗಳ ನಡುವಿನ ತೆರವುಗಳಲ್ಲಿ ಮಾತ್ರ ನೀರು ನಿಂತಿರುತ್ತದೆ. ಸುಣ್ಣಕಲ್ಲಿನ ಗುಣ ತುಸು ಬೇರೆ. ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಮೆಲುವಾದ ಆಮ್ಲವಾಗುತ್ತದೆ. ಲಕ್ಷಾಂತರ ವರ್ಷಗಳಲ್ಲಿ ಕಲ್ಲನ್ನು ಕರಗಿಸಿ ಬಿರುಕುಗಳನ್ನು ಅಗಲಿಸುತ್ತದೆ. ಅಂಥ ಜಾಗಕ್ಕೆ ತಾಗಿದ ಬೋರ್‌ಗೆ ಮೂರಿಂಚು ನೀರು ಬಿದ್ದರೆ, ಬದುವಿನಾಚೆ ಅಷ್ಟೇ ಆಳ ಕೊರೆಸಿದವನಿಗೆ ಬರೀ ಸುಣ್ಣದ ಪುಡಿ ಸಿಗಬಹುದು.

ಅಂತರ್ಜಲ ಅಂದಾಜಿಗೆ ದೇಶದಲ್ಲಿ ಬಳಕೆಗೆ ಬಂದ ಮಾನದಂಡಗಳು ಈ ವ್ಯತ್ಯಾಸವನ್ನು ಅಂಕಿಯಲ್ಲಿ ಹೇಳುತ್ತವೆ. ನೀರಿನ ಮಟ್ಟ ಇಳಿದಾಗ ಕಲ್ಲು ಬಿಟ್ಟುಕೊಡುವ ನೀರು ಬೆಣಚುಶಿಲೆಯಲ್ಲಿ ಅದರ ಗಾತ್ರದ ಶೇ 1.5, ಸಾಮಾನ್ಯ ಸುಣ್ಣಕಲ್ಲಿನಲ್ಲಿ ಶೇ 2, ಕರಗಿ ಪೊಳ್ಳಾದ ಸುಣ್ಣಕಲ್ಲಿನಲ್ಲಿ ಶೇ 8. ಹೀಗಾಗಿ ಒಂದು ಎಕರೆಯ ಅಡಿಯಲ್ಲಿ ಮಟ್ಟ ಒಂದು ಮೀಟರ್ ಕುಸಿದರೆ ಬೆಣಚುಶಿಲೆಯಿಂದ ಸುಮಾರು 60 ಸಾವಿರ ಲೀಟರ್, ಸುಣ್ಣಕಲ್ಲಿನಿಂದ 80 ಸಾವಿರ, ಪೊಳ್ಳಾದ ಕಲ್ಲಿನಿಂದ ಮೂರು ಲಕ್ಷ ಲೀಟರ್‌ಗೂ ಹೆಚ್ಚು ನೀರು ಸಿಗುತ್ತದೆ. ಪೊಳ್ಳು ಕಲ್ಲು ಉದಾರಿ, ಆದರೆ ಅಪಾಯವೂ ಅದರಲ್ಲೇ ಇದೆ. ನೀರು ಅಲ್ಲಿ ಬೇಗ ಹರಿಯುವುದರಿಂದ ಒಂದು ಹೊಲದ ಪಂಪು ದೂರದ ಬಾವಿಯನ್ನೂ ತಗ್ಗಿಸಬಹುದು. ಗೊಬ್ಬರದ ನೈಟ್ರೇಟ್, ಚರಂಡಿಯ ಕೊಳೆ ಸರಿಯಾಗಿ ಸೋಸದೆಯೇ ಕುಡಿಯುವ ನೀರಿಗೆ ಸೇರಬಹುದು.

ಈಗ ಜಮಾ-ಖರ್ಚು ನೋಡೋಣ. ಬಾಗಲಕೋಟೆ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 550 ಮಿಲಿಮೀಟರ್ ಆಸುಪಾಸು ಮಳೆ. ಗಟ್ಟಿ ಬೆಣಚುಶಿಲೆ, ಸುಣ್ಣಕಲ್ಲುಗಳಲ್ಲಿ ಮಳೆಯ ಶೇ 6 ಭಾಗ ಇಂಗುತ್ತದೆ ಎಂಬುದು ಅದೇ ಮಾನದಂಡದ ಲೆಕ್ಕ. ಅಂದರೆ 33 ಮಿಲಿಮೀಟರ್, ಎಕರೆಗೆ ಸುಮಾರು 1.3 ಲಕ್ಷ ಲೀಟರ್. ಖರ್ಚಿನ ಕಡೆ ಈ ಸೀಮೆಯ ದೊಡ್ಡ ಬೆಳೆಯಾದ ಕಬ್ಬಿದೆ. ಅದಕ್ಕೆ ಕಡಿಮೆಯೆಂದರೂ 1,500 ಮಿಲಿಮೀಟರ್ ನೀರು ಬೇಕು. ಹೊಲಕ್ಕೆ ಬಿದ್ದ ಮಳೆಯಷ್ಟನ್ನೂ ಕಬ್ಬೇ ಕುಡಿಯಿತು ಎಂದುಕೊಂಡರೂ ಉಳಿದ 950 ಮಿಲಿಮೀಟರನ್ನು ಎಲ್ಲಿಂದಲಾದರೂ ತರಬೇಕು. ಬರೀ ಬೋರ್ ನಂಬಿದರೆ ಒಂದು ಎಕರೆ ಕಬ್ಬಿಗೆ ಸುಮಾರು 29 ಎಕರೆಯಲ್ಲಿ ಇಂಗಿದ ಮಳೆ ಬೇಕು. ಆ 29 ಎಕರೆಯವರೂ ಕಬ್ಬು ಹಚ್ಚಿದರೆ ಲೆಕ್ಕ ಹೊಂದುವುದು ಸಾಧ್ಯವೇ ಇಲ್ಲ.

ಕಾಲುವೆಯ ನೀರು ಬಂದ ಕಡೆ ಚಿತ್ರ ಬದಲಾಗುತ್ತದೆ. ಹಿಡಕಲ್ ಜಲಾಶಯದಿಂದ ಹೊರಟ ಘಟಪ್ರಭಾ ಕಾಲುವೆಗಳ ಬಸಿನೀರು ಬಾವಿಗಳಿಗೂ ಸೇರುತ್ತದೆ. ಎರೆ ಭೂಮಿಯಲ್ಲಿ ಅದು ಅತಿಯಾಗಿ, ಮುಧೋಳ-ಜಮಖಂಡಿ ಭಾಗದ ಹೊಲಗಳು ಸವಳು-ಜವಳಾಗಿವೆ. ಅಲ್ಲಿ ನೀರಿನ ಮಟ್ಟವನ್ನು ಇಳಿಸುವುದೇ ಔಷಧ. ಹೀಗೆ ಒಂದೇ ಸೀಮೆಯಲ್ಲಿ ಒಂದೆಡೆ ಬೇರು ಕೊಳೆಯುವಷ್ಟು ನೀರು, ಇನ್ನೊಂದೆಡೆ ಒಣ ಬೋರ್. ಕರ್ನಾಟಕದಲ್ಲಿ ಅಂತರ್ಜಲ ಅಂದಾಜಿನ ಘಟಕ ತಾಲ್ಲೂಕು. ಎರಡನ್ನೂ ಕೂಡಿಸಿ ತೆಗೆದ ಸರಾಸರಿಯಲ್ಲಿ ಎರಡೂ ಕಷ್ಟ ಕಾಣದೆ ಹೋಗುತ್ತವೆ. ಕಲ್ಲಿಗೂ ಹಳ್ಳಕ್ಕೂ ತಾಲ್ಲೂಕಿನ ಗಡಿ ಗೊತ್ತಿಲ್ಲ.

ಕಾನೂನು ಏನು ಮಾಡಿದೆ? 1882ರ ಅನುಭೋಗ ಹಕ್ಕುಗಳ ಕಾಯ್ದೆಯ ಕಾಲದಿಂದಲೂ ತನ್ನ ಜಮೀನಿನ ಕೆಳಗಿನ ನೀರನ್ನು ಎತ್ತುವ ಹಕ್ಕು ಭೂಮಾಲೀಕನದು ಎಂಬ ಭಾವನೆ ಬೇರೂರಿದೆ. ಕರ್ನಾಟಕ 1999ರ ಕಾಯ್ದೆಯಲ್ಲಿ, ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ಕೊರೆಯುವಂತಿಲ್ಲ ಎಂದಿತು. 2011ರ ಅಂತರ್ಜಲ ಕಾಯ್ದೆ ಪ್ರಾಧಿಕಾರ ರಚಿಸಿ, ಅಧಿಸೂಚಿತ ಪ್ರದೇಶಗಳಲ್ಲಿ ಹೊಸ ಬೋರ್‌ಗೆ ಅನುಮತಿ, ಹಳೆಯದಕ್ಕೆ ನೋಂದಣಿ ಕಡ್ಡಾಯ ಮಾಡಿತು. ಇವು ಅಗತ್ಯವಾದ ಹೆಜ್ಜೆಗಳು. ಆದರೆ ಅನುಮತಿಪತ್ರ ಎಣಿಸುವುದು ಬೋರ್‌ಗಳನ್ನು. ನೀರು ಖಾಲಿಯಾಗುವುದು ಪಂಪು ಓಡಿದ ತಾಸುಗಳಿಂದ. 2008ರಿಂದ ರಾಜ್ಯದಲ್ಲಿ 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್‌ಗೆ ವಿದ್ಯುತ್ ಉಚಿತ. ಬಡ ರೈತನಿಗೆ ಅದು ಆಸರೆ ನಿಜ, ಆದರೆ ಎಷ್ಟು ಎತ್ತಿದೆವು ಎಂದು ನೆನಪಿಸುವ ಬಿಲ್ಲೂ ಇಲ್ಲವಾಯಿತು. ಹನಿ ನೀರಾವರಿಯೂ ತಾನಾಗಿಯೇ ಅಂತರ್ಜಲ ಉಳಿಸದು: ಉಳಿದ ನೀರಿನಲ್ಲಿ ಇನ್ನೆರಡು ಎಕರೆ ಕಬ್ಬು ಹಚ್ಚಿದರೆ ಎತ್ತುವ ನೀರು ಮೊದಲಿನಷ್ಟೇ. ಭಾರತ ವರ್ಷಕ್ಕೆ ಸುಮಾರು 24,000 ಕೋಟಿ ಘನ ಮೀಟರ್ ಅಂತರ್ಜಲ ಎತ್ತುತ್ತದೆ. ಜಗತ್ತಿನಲ್ಲಿ ಇಷ್ಟು ಎತ್ತುವ ದೇಶ ಬೇರೊಂದಿಲ್ಲ. ಕೋಟ್ಯಂತರ ಬಾವಿಗಳಿಗೆ ಒಬ್ಬೊಬ್ಬ ಅಧಿಕಾರಿಯನ್ನು ನಿಲ್ಲಿಸಲಾಗದು.

ಹಾಗಾದರೆ ಅಳೆಯುವವರು ಯಾರು? ಅದೇ ಕಲ್ಲಿನ ನೀರು ಹಂಚಿಕೊಂಡವರೇ. ಆಂಧ್ರದ ಏಳು ಬರಪೀಡಿತ ಜಿಲ್ಲೆಗಳಲ್ಲಿ ಎರಡು ದಶಕದ ಹಿಂದೆ ರೈತರೇ ಮಳೆಮಾಪಕ ಓದಿದರು, ಬಾವಿಗಳ ಮಟ್ಟ ಅಳೆದರು, ಹಿಂಗಾರಿಗೆ ಮುನ್ನ ಒಟ್ಟಾಗಿ ಕೂತು ಇರುವ ನೀರಿಗೆ ಯಾವ ಬೆಳೆ ಹೊಂದುತ್ತದೆಂದು ಲೆಕ್ಕ ಹಾಕಿದರು. ಯಾರಿಗೂ ಬೆಳೆ ನಿಷೇಧಿಸಲಿಲ್ಲ. ಲೆಕ್ಕ ಕಣ್ಣೆದುರು ಬಂದಾಗ ಅನೇಕರು ತಾವಾಗಿಯೇ ಭತ್ತ ಕಡಿಮೆ ಮಾಡಿದರು. ಮಹಾರಾಷ್ಟ್ರದ ಹಿವರೆ ಬಜಾರ್ ಗ್ರಾಮ ಇನ್ನೂ ಮುಂದೆ ಹೋಗಿ ನೀರಾವರಿಗೆ ಬೋರ್ ಕೊರೆಸುವುದನ್ನೇ ಬಿಟ್ಟಿತು, ಕಬ್ಬನ್ನೂ ಕೈಬಿಟ್ಟಿತು.

ನಮ್ಮಲ್ಲಿ ಇಂಥದ್ದು ಆಗದು ಎನ್ನುವವರು ಜಮಖಂಡಿಯ ಕಡೆ ನೋಡಲಿ. ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ತಮ್ಮದೇ ದುಡ್ಡು, ತಮ್ಮದೇ ಶ್ರಮ ಹಾಕಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿ 1989ರಲ್ಲಿ ಮುಗಿಸಿದರು. ನದಿಯ ನೀರಿಗಾಗಿ ಹಳ್ಳಿಹಳ್ಳಿಗಳು ಹೀಗೆ ಕೂಡಿದ ನೆಲ ಇದು. ನೆಲದಡಿಯ ನೀರು ಕಣ್ಣಿಗೆ ಕಾಣದ ಕಾರಣ ಅದಕ್ಕಾಗಿ ಇನ್ನೂ ಕೂಡಿಲ್ಲ. ಅದನ್ನು ಕಾಣಿಸುವ ಕೆಲಸ ವಿಜ್ಞಾನದ್ದು.

ಅದಕ್ಕೆ ಬೇಕಾದುದು ದುಬಾರಿಯದೇನಲ್ಲ. ಕೇಂದ್ರ ಅಂತರ್ಜಲ ಮಂಡಳಿ ತನ್ನ ವೀಕ್ಷಣಾ ಬಾವಿಗಳನ್ನು ಜನವರಿ, ಮೇ, ಆಗಸ್ಟ್, ನವೆಂಬರ್‌ಗಳಲ್ಲಿ ಅಳೆಯುತ್ತದೆ. ಪ್ರತಿ ಗ್ರಾಮ ಪಂಚಾಯಿತಿಯೂ ಬೆಣಚುಶಿಲೆ, ಸುಣ್ಣಕಲ್ಲು, ಕಾಲುವೆಯಂಚು ಹೀಗೆ ನೆಲಕ್ಕೊಂದು ಬಾವಿ ಆರಿಸಿ, ಅವೇ ತಿಂಗಳುಗಳಲ್ಲಿ ಟೇಪು ಇಳಿಸಿ ಮಟ್ಟವನ್ನು ಒಂದು ಪುಸ್ತಕದಲ್ಲಿ ಬರೆದಿಡಬಹುದು. ಕಲ್ಲುಗಣಿಗಳು ಹೊರಹಾಕುವ ನೀರೂ ಆ ಪುಸ್ತಕಕ್ಕೆ ಬರಬೇಕು. ಜಿಲ್ಲಾ ಆಡಳಿತ ಹೊಸ ಬೋರ್‌ಗೆ ಅನುಮತಿ ಕೊಡುವಾಗ ಅದನ್ನೇ ಆಧಾರವಾಗಿ ಹಿಡಿಯಬೇಕು. ಸಕ್ಕರೆ ಕಾರ್ಖಾನೆಗಳು ಬೋರ್ ನಂಬಿದ ಹೊಲಗಳಲ್ಲಿ ಕಡಲೆ, ಜೋಳಕ್ಕೆ ಮರಳುವ ರೈತನಿಗೆ ನಷ್ಟವಾಗದಂತೆ ಸರ್ಕಾರದೊಂದಿಗೆ ಕೈಜೋಡಿಸಬೇಕು. ಮಳೆ ನಿಂತ ಮೇಲೆ ನವೆಂಬರಿನಲ್ಲಿ ಗ್ರಾಮಸಭೆ ಸೇರಿ, ಬೇಸಿಗೆಗೆ ಕುಡಿಯುವ ನೀರನ್ನು ಮೊದಲು ತೆಗೆದಿಟ್ಟು, ಮಿಕ್ಕಿದ್ದಕ್ಕಷ್ಟೇ ಬೆಳೆ ಯೋಜಿಸಲಿ. ಕಾಯ್ದೆಗೆ ಬಲ ಬರುವುದು ಆ ಸಭೆಯಿಂದಲೇ.