ಬಸದಿಯ ಪುಸ್ತಕಗಳು ಎಲ್ಲರಿಗೂ ತಿಳಿಯಲಿ: ಗ್ರಂಥಸೂಚಿ ಹಂಚಿಕೊಳ್ಳುವ ಬಗೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ತಾಲೂಕುಗಳ ಜೈನ ಮನೆಗಳಲ್ಲಿ ಕನ್ನಡ, ಮರಾಠಿ ಎರಡರ ಓದೂ ಇದೆ. ಬಸದಿಯ ಕಪಾಟಿನಲ್ಲಿ ಇವುಗಳ ಜೊತೆಗೆ ಹಿಂದಿ, ಸಂಸ್ಕೃತ, ಪ್ರಾಕೃತ ಗ್ರಂಥಗಳೂ ಸಿಗುತ್ತವೆ. ಆದರೆ ಯಾವ ಊರಿನಲ್ಲಿ ಯಾವ ಗ್ರಂಥವಿದೆ ಎಂಬುದು ಎಷ್ಟೋ ಕಡೆ ಒಬ್ಬ ಹಿರಿಯರ ನೆನಪಿನಲ್ಲಿ ಮಾತ್ರ ಉಳಿದಿರುತ್ತದೆ. ಅವರ ನಂತರ ಆ ಪುಸ್ತಕ ಇದ್ದೂ ಇಲ್ಲದಂತೆ.

ಪಟ್ಟಿಯನ್ನು ಕಂಪ್ಯೂಟರಿಗೆ ಹಾಕಿದರೆ ಸಾಕೇ? ಸಾಲದು. ಚಿಕ್ಕೋಡಿ ತಾಲೂಕಿನ ಸದಲಗಾದಲ್ಲಿ 1906ರಲ್ಲಿ ಜನಿಸಿದ ಡಾ. ಎ. ಎನ್. ಉಪಾಧ್ಯೆಯವರನ್ನೇ ನೋಡೋಣ. ಕೊಲ್ಹಾಪುರದಲ್ಲಿ ಪ್ರಾಧ್ಯಾಪಕರಾಗಿದ್ದ ಅವರು 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು. ಅವರ ಹೆಸರನ್ನು ಒಂದು ಪಟ್ಟಿಯಲ್ಲಿ 'ಎ. ಎನ್. ಉಪಾಧ್ಯೆ', ಇನ್ನೊಂದರಲ್ಲಿ 'ಆದಿನಾಥ ನೇಮಿನಾಥ ಉಪಾಧ್ಯೆ', ಮರಾಠಿ ಪಟ್ಟಿಯಲ್ಲಿ 'ಆ. ನೇ. ಉಪಾಧ್ಯೆ' ಎಂದು ಬರೆದರೆ ಕಂಪ್ಯೂಟರಿಗೆ ಅವರು ಮೂವರು. ಇದಕ್ಕೆ ತದ್ವಿರುದ್ಧ ತೊಡಕೂ ಉಂಟು. ಭೋಜ ಗ್ರಾಮದ ಚಾರಿತ್ರ ಚಕ್ರವರ್ತಿ ಆಚಾರ್ಯ ಶ್ರೀ ಶಾಂತಿಸಾಗರ ಮಹಾರಾಜರ ಕಾಲದಲ್ಲೇ ರಾಜಸ್ಥಾನದ ಛಾಣಿಯಲ್ಲಿ ಜನಿಸಿದ ಅದೇ ಹೆಸರಿನ ಇನ್ನೊಬ್ಬ ಆಚಾರ್ಯರಿದ್ದರು. ಹೆಸರು ಒಂದೇ, ವ್ಯಕ್ತಿ ಇಬ್ಬರು.

ಈ ಗೊಂದಲ ನೀಗಿಸುವುದೇ 'ಸೆಮ್ಯಾಂಟಿಕ್ ವೆಬ್', ಅಂದರೆ ಅರ್ಥ ತಿಳಿಯುವ ಜಾಲ. ಇದರಲ್ಲಿ ಪ್ರತಿ ವ್ಯಕ್ತಿಗೆ, ಕೃತಿಗೆ, ಊರಿಗೆ ಒಂದೊಂದು ಕಾಯಂ ಗುರುತು ಇರುತ್ತದೆ. ಮಾಹಿತಿಯನ್ನು ಮೂರು ಭಾಗದ ಚಿಕ್ಕ ವಾಕ್ಯಗಳಲ್ಲಿ ಬರೆಯುತ್ತಾರೆ: 'ಪ್ರವಚನಸಾರ – ಕರ್ತೃ – ಕುಂದಕುಂದಾಚಾರ್ಯರು', '1935ರ ಮುದ್ರಣ – ಸಂಪಾದಕರು – ಉಪಾಧ್ಯೆ'. ಹೀಗೆ ಬರೆಯುವ ಮಾದರಿಗೆ ಆರ್‌ಡಿಎಫ್ ಎನ್ನುತ್ತಾರೆ. ಹೆಸರನ್ನು ಯಾವ ಲಿಪಿಯಲ್ಲಿ ಬರೆದರೂ ಗುರುತು ಒಂದೇ ಆದ್ದರಿಂದ ಅಥಣಿಯ ಪಟ್ಟಿಯೂ ಕೊಲ್ಹಾಪುರದ ಪಟ್ಟಿಯೂ ತಾವಾಗಿ ಕೂಡಿಕೊಳ್ಳುತ್ತವೆ. ಸ್ವೀಡನ್ ದೇಶದ ಗ್ರಂಥಾಲಯಗಳು ತಮ್ಮ ಒಕ್ಕೂಟದ ಸೂಚಿಯನ್ನು 2008ರಲ್ಲೇ ಹೀಗೆ ತೆರೆದಿಟ್ಟವು.

ಗ್ರಂಥಸೂಚಿಯ ಕೆಲಸ ನಮ್ಮ ಸಮಾಜಕ್ಕೆ ಹೊಸದಲ್ಲ. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಮೂಡುಬಿದಿರೆ ಮೊದಲಾದ ಕಡೆಯ ತಾಳೆಗರಿಗಳನ್ನು ಪಟ್ಟಿ ಮಾಡಿದ 'ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ' 1948ರಲ್ಲಿ ಪ್ರಕಟವಾಯಿತು.

ಒಂದು ಬಸದಿ ಈ ಕೆಲಸವನ್ನು ಹೀಗೆ ಆರಂಭಿಸಬಹುದು:

1. ಆಡಳಿತ ಮಂಡಳಿಯ ಒಪ್ಪಿಗೆ ಪಡೆದು, ಎಕ್ಸೆಲ್‌ನಂಥ ಹಾಳೆಯಲ್ಲಿ ಗ್ರಂಥ, ಕರ್ತೃ, ಟೀಕಾಕಾರ, ಸಂಪಾದಕ, ಭಾಷೆ, ಲಿಪಿ, ಪ್ರಕಾಶಕ, ವರ್ಷ ಇವುಗಳಿಗೆ ಬೇರೆ ಬೇರೆ ಅಂಕಣ ಮಾಡಬೇಕು. ಐದೂ ತಾಲೂಕುಗಳಲ್ಲಿ ಅಂಕಣಗಳು ಒಂದೇ ಬಗೆಯಾಗಿರಲಿ.

2. ಹೆಸರನ್ನು ಪುಸ್ತಕದಲ್ಲಿ ಇದ್ದಂತೆಯೇ ಬರೆಯಬೇಕು. ಪಕ್ಕದಲ್ಲಿ ವಿಕಿಡೇಟಾದ ಗುರುತು ಸಂಖ್ಯೆ ಹಾಕಬೇಕು. 2012ರಲ್ಲಿ ಆರಂಭವಾದ ವಿಕಿಡೇಟಾ ಎಲ್ಲರಿಗೂ ಉಚಿತ.

3. ಪುಸ್ತಕಗಳು ಹೆಚ್ಚಿದ್ದರೆ ಕೋಹಾ ಎಂಬ ಉಚಿತ ಗ್ರಂಥಾಲಯ ತಂತ್ರಾಂಶ ಬಳಸಬಹುದು.

4. ಯಾರು ಯಾವ ಪುಸ್ತಕ ಒಯ್ದರು, ತಾಳೆಗರಿಗಳನ್ನು ಯಾವ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ ಎಂಬ ವಿವರ ಹೊರಗೆ ಹಾಕಬಾರದು. ಪಟ್ಟಿ ಹಂಚಿದರೆ ಗ್ರಂಥ ಕೈಬಿಟ್ಟು ಹೋಗುತ್ತದೆ ಎಂಬ ಅಂಜಿಕೆ ಬೇಡ. ಗ್ರಂಥ ಬಸದಿಯಲ್ಲೇ ಇರುತ್ತದೆ.

ಶ್ರುತ ಪಂಚಮಿಯಂದು ಗ್ರಂಥಗಳನ್ನು ಹೊರತೆಗೆದು, ಧೂಳು ಒರೆಸಿ, ಹೊಸ ವಸ್ತ್ರ ಸುತ್ತಿ ಪೂಜಿಸುವ ರೂಢಿ ಇದೆ. ಅಂದು ಹಿರಿಯರು ಓದಿ ಹೇಳಲಿ, ಕಂಪ್ಯೂಟರ್ ಬಲ್ಲ ಮಕ್ಕಳು ಬರೆದುಕೊಳ್ಳಲಿ. ಇರುವ ಗ್ರಂಥ ಬೇಕಾದವರಿಗೆ ಸಿಗುವಂತೆ ಮಾಡುವುದೂ ಶಾಸ್ತ್ರದಾನವೇ.